ಸೀಟಕ್ಕ ದೊರೆಗಾಗಿ ಕೂಡಿಟ್ಟದ್ದು

ನಮ್ಮ ಅತ್ತೆಯನ್ನು ಬಸ್ ಡಿಪೋದಲ್ಲಿ ಎಲ್ಲರೂ ಸೀಟಕ್ಕ ಎಂದೇ ಕರೆಯುತ್ತಿದ್ದರು. ಅಪ್ಪನ ತಂಗಿ ಅವಳು. ಡಿಪೋದ ಹಿಂಬದಿಯಲ್ಲಿ, ಹಳೇ ಟೈರುಗಳ ರಾಶಿ ದಾಟಿದ ಮೇಲೆ ಸಿಗುವ ತಗಡಿನ ಶೆಡ್ಡಿನಲ್ಲಿ, ಹರಿದ ಸೀಟುಗಳನ್ನು ಬಿಚ್ಚಿ ಮತ್ತೆ ಹೊಲಿಯುವುದು ಅವಳ ಕೆಲಸ. ಬಾಗಿದ ಸೂಜಿ, ಮೇಣ ಹಚ್ಚಿದ ದಾರ, ಸಣ್ಣ ಸುತ್ತಿಗೆ. ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಮೊಳೆ. ಮೊಳೆ ಕಚ್ಚಿಕೊಂಡೇ ಅವಳು ಮಾತಾಡುತ್ತಿದ್ದಳು, ನಮಗೆ ಅರ್ಥವೂ ಆಗುತ್ತಿತ್ತು. ಸೀಟಿನ ಹೊಟ್ಟೆಯೊಳಗಿಂದ ಬಾಚಣಿಗೆ, ಬೀಗದ ಕೈ, ಯಾರೋ ಯಾರಿಗೋ ಬರೆದ ಪತ್ರ, ಒಮ್ಮೆ ಹಲ್ಲಿನ ಸೆಟ್ಟು ಕೂಡ ಸಿಕ್ಕಿತ್ತಂತೆ. "ಆ ಪುಣ್ಯಾತ್ಮ ಹಲ್ಲು ಬಿಟ್ಟುಕೊಂಡು ಇಳಿದು ಹೋದ, ಹಲ್ಲು ಬಿಟ್ಟೇ ಹೋದ" ಎಂದು ಹೇಳಿ ತಾನೇ ಮೊದಲು ನಗುತ್ತಿದ್ದಳು.

ತನ್ನ ಕೆಲಸದ ಬಗ್ಗೆ ಅವಳಿಗೆ ಒಳಗೊಳಗೇ ಜಂಬ. "ಈ ಊರಲ್ಲಿ ನನ್ನ ಕೆಲಸದ ಮೇಲೆ ಕೂರದೋರು ಯಾರಿದ್ದಾರೆ ಹೇಳು? ಜಡ್ಜೂ ಕೂತಿದ್ದಾರೆ, ಕಳ್ಳನೂ ಕೂತಿದ್ದಾನೆ. ಇಬ್ಬರಿಗೂ ಒಂದೇ ಸ್ಪಂಜು."

ಅವಳ ಮನೆ ಸೈಕಲ್ ಅಂಗಡಿಯೊಂದರ ಮೇಲಿನ ಎರಡು ಕೋಣೆ. ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಒಂದು ಕೋಣೆಯಲ್ಲಿ ಅವಳು, ಇನ್ನೊಂದರಲ್ಲಿ ನಮ್ಮ ಚಿಕ್ಕಪ್ಪ. ಚಿಕ್ಕಪ್ಪನಿಗೆ ದೊರೆ ಎಂದು ಹೆಸರಿಟ್ಟವರು ಅಜ್ಜಿ. ಹಾಸಿಗೆಯಿಂದ ಎದ್ದು ಕೂತ ಮೇಲೆ ಅರ್ಧ ಗಂಟೆ ಯಾರ ಮಾತಿಗೂ ಬಗ್ಗುತ್ತಿರಲಿಲ್ಲ ಎಂಬ ಕಾರಣಕ್ಕೆ. ದೊರೆಯ ಬುದ್ಧಿ ಹುಟ್ಟಿನಿಂದಲೇ ನಿಧಾನ. ಮಾತು ಕಡಿಮೆ, ಆಡಿದ ಮಾತಿಗೆಲ್ಲ ಕೊನೆಗೊಂದು "ಹೌದಲ್ವಾ?" ಓದು ಬರಲಿಲ್ಲ. ಆದರೆ ಶೂ ಪಾಲಿಶ್ ಮಾಡಲು ಕೂತರೆ ಮುಖ ಕಾಣಬೇಕು. ಟವೆಲ್ ಮಡಿಸಿದರೆ ಅಂಚಿಗೆ ಅಂಚು ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಹುಟ್ಟಿದಾಗ ಡಾಕ್ಟರು ಹನ್ನೆರಡು ವರ್ಷ ದಾಟುವುದು ಕಷ್ಟ ಅಂದಿದ್ದರಂತೆ. ದಾಟಿದ. ಆಮೇಲೆ ಇಪ್ಪತ್ತೈದು ಅಂದರು. ಆ ಡಾಕ್ಟರೇ ತೀರಿಹೋದರು. ದೊರೆ ಮೂವತ್ತೈದನೇ ಹುಟ್ಟುಹಬ್ಬಕ್ಕೆ ಹೊಸ ಶೂ ಕೇಳಿದ.

ಅಜ್ಜ ಅಜ್ಜಿ ಹೋದ ಮೇಲೆ ಅವನು ಅತ್ತೆಯ ಪಾಲಿಗೆ ಬಂದ. ಹಂಚಿಕೆ ಮಾಡಿ ಕೊಟ್ಟದ್ದಲ್ಲ. ಅವಳು ಮದುವೆಯಾಗಿರಲಿಲ್ಲ, ಅಷ್ಟೇ. ಇಬ್ಬರು ಬಂದು ಕೇಳಿದ್ದರು. ಇಬ್ಬರೂ ಚಹಾ ಕುಡಿಯುತ್ತಾ "ತಮ್ಮ ಎಲ್ಲಿರ್ತಾನೆ?" ಅಂದರು. ಇವಳು "ನನ್ನ ಜೊತೆ" ಅಂದಳು. ಅವರು ಚಹಾದ ಲೋಟ ಕೆಳಗಿಟ್ಟು ಎದ್ದರು.

ನಾನು ಇದನ್ನೆಲ್ಲ ಹೇಳಲು ಹೊರಟದ್ದು ಅತ್ತೆಗೆ ನಲವತ್ತೊಂದು ತುಂಬಿದ ವರ್ಷ ನಡೆದ ಒಂದು ಸಾವಿನಿಂದಾಗಿ. ಡಿಪೋದ ವೆಲ್ಡರ್ ಒಂದು ಬೆಳಿಗ್ಗೆ ಕೆಲಸಕ್ಕೆ ಬಂದವನು, ಕನ್ನಡಕ ಏರಿಸಿ ನೀರು ಕುಡಿಯುತ್ತಿದ್ದವನು, ಹಾಗೇ ಕುಸಿದು ಕೂತ, ಮೇಲೇಳಲಿಲ್ಲ. ನಲವತ್ತಾರು ವರ್ಷ. ಹದಿನೈದು ದಿನ ಕಳೆದು ಅವನ ಹೆಂಡತಿ ಡಿಪೋದ ಕಚೇರಿಗೆ ಬಂದಳು. ವೆಲ್ಡರ್ ಬುದ್ಧಿವಂತನೇ, ವಿಮೆ ಮಾಡಿಸಿದ್ದ, ಭವಿಷ್ಯನಿಧಿಗೆ ಸಂಬಳದಿಂದ ಹಣವೂ ಹೋಗುತ್ತಿತ್ತು. ಆದರೆ ಎರಡೂ ಕಡೆ 'ನಾಮಿನಿ' ಎಂಬ ಖಾನೆಯಲ್ಲಿ ಅವನ ತಾಯಿಯ ಹೆಸರು. ಕೆಲಸಕ್ಕೆ ಸೇರುವಾಗ ಬರೆದದ್ದು. ಆಗ ಮದುವೆಯಾಗಿರಲಿಲ್ಲ. ತಾಯಿ ಸತ್ತು ಒಂಬತ್ತು ವರ್ಷವಾಗಿತ್ತು. ಮದುವೆ, ಎರಡು ಮಕ್ಕಳು, ತಾಯಿಯ ಸಾವು ಎಲ್ಲ ಆದರೂ ಆ ಕಾಗದವನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ವೆಲ್ಡರ್ ಹೆಂಡತಿಗೆ ಫಾರಂ ಓದಲು ಬರುತ್ತಿರಲಿಲ್ಲ. ಅತ್ತೆ ರಜೆ ಹಾಕಿ ಅವಳ ಜೊತೆ ಕಚೇರಿಯಿಂದ ಕಚೇರಿಗೆ ಅಲೆದಳು. ಈ ಕಿಟಕಿಯವರು ಆ ಕಿಟಕಿಗೆ ಕಳಿಸುವುದು, ಆ ಕಿಟಕಿಯವರು ಊಟಕ್ಕೆ ಹೋಗಿರುವುದು. ದುಡ್ಡು ಕೈಗೆ ಬರಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಆ ಹೆಂಗಸು ಕಿವಿಯದ್ದು, ಕೈಯದ್ದು ಎಲ್ಲ ಮಾರಿದ್ದಳು.

ಅಂಥ ಒಂದು ಸರತಿಯ ಸಾಲಿನಲ್ಲೇ ಅತ್ತೆಗೆ ಪಾಲಿಸಿ ಮೇಷ್ಟ್ರು ಸಿಕ್ಕಿದ್ದು. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾಗಿ ವಿಮೆಯ ಏಜೆಂಟರಾಗಿದ್ದ ತೆಳ್ಳಗಿನ ಮನುಷ್ಯ. ಅತ್ತೆಯ ಕೊರಳಲ್ಲಿದ್ದ ಡಿಪೋದ ಗುರುತುಚೀಟಿ ನೋಡಿ ಅವರು, "ನಿಮ್ಮ ಬಸ್ಸಿನ ಸೀಟು ನಿನ್ನೆ ನನ್ನ ಪ್ಯಾಂಟಿಗೆ ಒಂದು ಕಿಟಕಿ ಇಟ್ಟಿತು ನೋಡಿ" ಅಂದರು.

"ಬಸ್ ನಂಬರ್ ಹೇಳಿ" ಅಂದಳು ಅತ್ತೆ. "ಎಷ್ಟನೇ ಸಾಲು?"

ಮೂರು ದಿನದ ಮೇಲೆ ಮೇಷ್ಟ್ರು ಅದೇ ಬಸ್ಸಿನ ಅದೇ ಸಾಲಿನಲ್ಲಿ ಕೂತು ನೋಡಿ, ಇಳಿದು, ನೇರ ಡಿಪೋದ ಶೆಡ್ಡಿಗೆ ಬಂದರು. ಹೇಳಿದ ಕೆಲಸ ಹೇಳಿದ ಹಾಗೆ ಮಾಡಿದ ಸರ್ಕಾರಿ ನೌಕರರನ್ನು ನಾನು ಈವರೆಗೆ ನೋಡಿರಲಿಲ್ಲ, ಕಣ್ತುಂಬ ನೋಡಿ ಹೋಗಲು ಬಂದೆ ಅಂದರು. ಅಲ್ಲಿ, ಬಿಚ್ಚಿದ ಸೀಟುಗಳ ಮೇಲೆ ಕೂತು ಅವರಿಬ್ಬರು ಆಡಿದ ಮಾತನ್ನು ಅತ್ತೆ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ ನಾನೂ ಅಲ್ಲೇ ಇದ್ದೆ ಅನ್ನಿಸುತ್ತದೆ.

"ನಿಮ್ಮ ಸಂಬಳದ ಮೇಲೆ ಬದುಕೋರು ಎಷ್ಟು ಜನ?"

"ಇಬ್ಬರು. ನಾನು, ನನ್ನ ತಮ್ಮ."

"ನೀವು ಇಲ್ಲದ ದಿನ?"

"ನಾನಿಲ್ಲದ ದಿನ ಅವನೂ ಇರಲ್ಲ" ಅಂದಳಂತೆ ಅತ್ತೆ. ಮೊಳೆಗಳನ್ನು ಬಾಯಿಂದ ತೆಗೆದು ಡಬ್ಬಿಗೆ ಹಾಕಿದಳು. "ದಿನಾ ಬೆಳಿಗ್ಗೆ ಎದ್ದು ಅದೊಂದೇ ಕೇಳ್ಕೊಳ್ಳೋದು. ನನಗಿಂತ ಒಂದು ದಿನ, ಒಂದೇ ಒಂದು ದಿನ ಮುಂಚೆ ಅವನನ್ನ ಕರ್ಕೊಂಡುಬಿಡು ಅಂತ."

ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟರು.

"ವಯಸ್ಸೆಷ್ಟು, ಆರೋಗ್ಯ ಹೇಗಿದೆ ಅವರದು?"

"ನನಗಿಂತ ಆರು ವರ್ಷ ಚಿಕ್ಕವನು. ಗುಂಡುಕಲ್ಲಿನ ಹಾಗಿದ್ದಾನೆ."

"ಹಾಗಾದ್ರೆ ನಿಮಗಿಂತ ಆರು ವರ್ಷ ಚಿಕ್ಕವರು ನಿಮ್ಮ ನಂತರವೂ ಹತ್ತು ವರ್ಷ ಇರಬಹುದು. ಇಪ್ಪತ್ತೂ ಇರಬಹುದು. ಅಮ್ಮಾ, ನಾನು ಲೆಕ್ಕದ ಮೇಷ್ಟ್ರು, ದೇವರ ವಿಷಯ ನನಗೆ ಗೊತ್ತಿಲ್ಲ. ಆದ್ರೆ ನೀವು ಕೇಳ್ತಿರೋದನ್ನ ವಾಪಸ್ ತಗೊಳ್ಳೋಕೆ ಒಂದು ದಾರಿ ಇದೆ. ಸುಲಭದ್ದಲ್ಲ. ಆದ್ರೆ ಇದೆ."

ಅತ್ತೆ ಅತ್ತಳು. ಅಳುತ್ತಲೇ ಸೀಟಿನ ಅಂಚು ಹೊಲಿದಳಂತೆ. ಹೊಲಿಗೆ ಮಾತ್ರ ಓರೆಯಾಗಲಿಲ್ಲ ಎಂದು ಹೇಳಲು ಯಾವತ್ತೂ ಮರೆಯುತ್ತಿರಲಿಲ್ಲ.

ಮೇಷ್ಟ್ರ ಚೀಲದಲ್ಲಿ ಮಿರಿಮಿರಿ ಕಾಗದದ ಯೋಜನೆಗಳೂ ಇದ್ದವು. ಐದು ವರ್ಷಕ್ಕೊಮ್ಮೆ ಬೋನಸ್ಸು, ಮುಖಪುಟದಲ್ಲಿ ನಗುವ ಸಂಸಾರ. ಅವನ್ನು ಅವರು ಹೊರಗೆ ತೆಗೆಯಲೇ ಇಲ್ಲ. "ಇವುಗಳಲ್ಲಿ ನನಗೆ ಕಮಿಷನ್ ಜಾಸ್ತಿ, ನಿಮಗೆ ಉಪಯೋಗ ಕಡಿಮೆ" ಅಂದರು. ಅವಳಿಗೆ ಬೇಕಾದದ್ದು ಬರೀ ಸಾವಿನ ವಿಮೆ. ಅರವತ್ತರೊಳಗೆ ಸತ್ತರೆ ದೊಡ್ಡ ಮೊತ್ತ ಬರುತ್ತದೆ, ಬದುಕಿದ್ದರೆ ಬಿಡಿಗಾಸೂ ಇಲ್ಲ. ಅದಕ್ಕೇ ಅದು ಅಗ್ಗ. ಉಳಿದ ಹಣವನ್ನೆಲ್ಲ ಮುಪ್ಪಿಗೆಂದು ಪಿಂಚಣಿ ನಿಧಿಗೆ ಹಾಕುತ್ತಾ ಹೋಗಬೇಕು, ಸಂಬಳ ಏರಿದಾಗಲೆಲ್ಲ ಏರಿಸುತ್ತಾ ಹೋಗಬೇಕು. "ಎಲ್ಲರೂ ಒಂದು ಮುಪ್ಪಿಗೆ ಕೂಡಿಡ್ತಾರೆ. ನೀವು ಎರಡು ಮುಪ್ಪಿಗೆ ಕೂಡಿಡಬೇಕು. ಅಷ್ಟೇ ವ್ಯತ್ಯಾಸ" ಅಂದರು ಮೇಷ್ಟ್ರು, ಸುಲಭದ ಲೆಕ್ಕವೆಂಬಂತೆ.

ಕಷ್ಟದ ಲೆಕ್ಕ ಬೇರೆಯೇ ಇತ್ತು. ದೊರೆಯ ಹೆಸರಿಗೆ ನೇರ ಹಣ ಬಂದರೆ ಅವನು ಅದನ್ನು ಕೇಳಿದವರಿಗೆ ಕೊಟ್ಟುಬಿಡುತ್ತಾನೆ, ನಗುನಗುತ್ತಾ ಕೊಡುತ್ತಾನೆ. ಹಾಗಾಗಿ ಅವನ ಪರವಾಗಿ ಆ ಹಣ ಇಟ್ಟುಕೊಂಡು ಅವನಿಗಾಗಿ ಮಾತ್ರ ಖರ್ಚು ಮಾಡುವವರು ಬೇಕು. ಅದಕ್ಕೊಂದು ಟ್ರಸ್ಟ್ ಪತ್ರ. ಅದರಲ್ಲಿ ಎರಡು ಹೆಸರು. "ಒಂದು ಹೆಸರಿದ್ರೆ ಮನಸ್ಸು ಜಾರುತ್ತೆ. ಎರಡಿದ್ರೆ ಒಬ್ಬರಿಗೊಬ್ಬರು ನಾಚಿಕೊಳ್ತಾರೆ" ಅಂದರು ಮೇಷ್ಟ್ರು.

ಒಂದು ಹೆಸರು ತಕ್ಷಣ ಸಿಕ್ಕಿತು, ವೆಲ್ಡರ್ ಹೆಂಡತಿಯದು. ಕಾಗದ ತಪ್ಪಿದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಅಷ್ಟರಲ್ಲಿ ಅವಳು ಮಕ್ಕಳ ಪುಸ್ತಕ ಇಟ್ಟುಕೊಂಡು ಓದಲು ಕಲಿಯುತ್ತಿದ್ದಳು.

ಇನ್ನೊಂದು ಹೆಸರಿಗೆ ಅಪ್ಪ ಸಿಟ್ಟಾದರು.

ಅಪ್ಪನದು ಬಣ್ಣದ ಅಂಗಡಿ. ಗೋಡೆಗೆ ಬಳಿಯುವ ಬಣ್ಣ, ಬ್ರಷ್ಷು, ಮರಳುಕಾಗದ. ಅತ್ತೆ ಅಂಗಡಿಗೇ ಬಂದು ವಿಷಯ ಹೇಳಿದಳು. ಅಪ್ಪ ಡಬ್ಬಿಯ ಮುಚ್ಚಳ ಬಿಗಿಯುತ್ತಿದ್ದವರು ಅದನ್ನು ಅಲ್ಲೇ ಬಿಟ್ಟು, "ನಾನು ಬದುಕಿಲ್ವಾ? ನನ್ನ ತಮ್ಮನ್ನ ನೋಡ್ಕೊಳ್ಳೋಕೆ ನನಗೆ ಪತ್ರ ಬೇಕಾ, ಸೀಲು ಬೇಕಾ?" ಅಂದರು.

"ನೀನಿದ್ದೀಯ ಅಣ್ಣ. ನನಗಿಂತ ಆರು ವರ್ಷ ಮುಂಚೆ ಇದ್ದೀಯ. ಅದೇ ಪ್ರಶ್ನೆ. ನಾನು ಎಪ್ಪತ್ತಕ್ಕೆ ಸತ್ತರೆ ನಿನಗೆ ಎಪ್ಪತ್ತಾರು. ಅವನ ಶೂ ಲೇಸು ಕಟ್ಟೋಕೆ ನೀನು ಬಗ್ಗಿದ್ರೆ ನಿನ್ನ ಎತ್ತೋಕೆ ಇನ್ನೊಬ್ಬರು ಬೇಕು."

ಅಪ್ಪನಿಗೆ ನಗು ಬಂತು, ಸಿಟ್ಟೂ ಹೋಗಲಿಲ್ಲ. "ಮತ್ತೆ ಯಾರು?" ಅಂದರು. ಅತ್ತೆ ಅಂಗಡಿಯ ಮೂಲೆಯಲ್ಲಿ ಬಿಲ್ಲು ಬರೆಯುತ್ತಾ ಕೂತಿದ್ದ ನನ್ನ ಕಡೆ ನೋಡಿದಳು.

ನನಗಾಗ ಇಪ್ಪತ್ತೊಂದು. ಆಗಷ್ಟೇ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ ಸಿಕ್ಕಿತ್ತು. ಸುಳ್ಳು ಹೇಳಬಾರದು, ನನಗೆ ಭಯವಾಯಿತು. ಚಿಕ್ಕಪ್ಪನ ಮೇಲೆ ಪ್ರೀತಿ ಇತ್ತು; ಹಬ್ಬ ಹುಣ್ಣಿಮೆಗೆ ಬಂದು ಹೋಗುವವರ ಮೇಲಿರುತ್ತದಲ್ಲ, ಅಷ್ಟು. ನಾಳೆ ನನಗೂ ಒಂದು ಮನೆ, ಗಂಡ, ಮಕ್ಕಳು. ನಲವತ್ತು ವರ್ಷ ಆಚೆಯ ಹೊರೆಯನ್ನು ಇವತ್ತೇ ಹೆಗಲಿಗೆ ಹಾಕುತ್ತಿದ್ದಾರೆ ಅನ್ನಿಸಿತು. ನಾನು ಬಿಲ್ಲಿನ ಪುಸ್ತಕದತ್ತ ತಲೆ ಬಗ್ಗಿಸಿದೆ.

ಅತ್ತೆಗೆ ಗೊತ್ತಾಯಿತು. "ಇವತ್ತೇ ಸೈನು ಹಾಕು ಅಂತ ಯಾರು ಹೇಳಿದ್ರು? ಒಂದು ವರ್ಷ ಭಾನುವಾರ ಬಂದು ಹೋಗು. ಆಮೇಲೆ ಆಗಲ್ಲ ಅಂದ್ರೆ ಆಗಲ್ಲ ಅನ್ನು. ನಾನು ಮುಖ ಊದಿಸಿಕೊಳ್ಳಲ್ಲ."

ಆ ವರ್ಷ ಭಾನುವಾರ ಭಾನುವಾರ ನಾನು ಕಬ್ಬಿಣದ ಮೆಟ್ಟಿಲು ಹತ್ತಿದೆ. ಮೊದಲ ಕೆಲವು ವಾರ ದೊರೆ ನನ್ನನ್ನು ಅತಿಥಿಯ ಹಾಗೆ ನೋಡಿಕೊಂಡ. ಒಳ್ಳೆಯ ಕುರ್ಚಿ ನನಗೆ, ಮುರಿದದ್ದು ಅವನಿಗೆ. ಐದನೇ ವಾರಕ್ಕೆ ನನ್ನ ಕೈಗೆ ಪೊರಕೆ ಕೊಟ್ಟ. ಅಲ್ಲಿಗೆ ನಾನು ಮನೆಯವಳಾದೆ. ಅವನಿಗೆ ಮೊಟ್ಟೆಯ ಹಳದಿ ಬಿಳಿ ಎರಡೂ ತಟ್ಟೆಯಲ್ಲಿ ಬೇರೆ ಬೇರೆ ಇರಬೇಕು. ಕೂದಲು ಕತ್ತರಿಸುವ ಮಶೀನಿನ ಸದ್ದಿಗೆ ಹೆದರುತ್ತಾನೆ, ಕತ್ತರಿಯಾದರೆ ಪರವಾಗಿಲ್ಲ. ನೋವಾದರೆ ಹೇಳುವುದಿಲ್ಲ, ದಿನವಿಡೀ ತನ್ನಷ್ಟಕ್ಕೆ ಹಾಡಿಕೊಳ್ಳುವವನು ಹಾಡುವುದು ನಿಲ್ಲಿಸುತ್ತಾನೆ, ಅದರಿಂದ ತಿಳಿಯಬೇಕು. ಹೊಸಬರು ಕೈ ಹಿಡಿದರೆ ಆಗುವುದಿಲ್ಲ. ತೋಳು ಚಾಚಿದರೆ ತಾನೇ ಬಂದು ಹಿಡಿದುಕೊಳ್ಳುತ್ತಾನೆ.

ಇದನ್ನೆಲ್ಲ ಅತ್ತೆ ಹೇಳುವುದು, ನಾನು ಒಂದು ದಪ್ಪ ನೋಟುಪುಸ್ತಕದಲ್ಲಿ ಬರೆಯುವುದು. ಇದೂ ಮೇಷ್ಟ್ರ ಸಲಹೆಯೇ. "ಹಣ ಅಂಗಡಿಗೆ ಹೋಗಿ ಮೊಟ್ಟೆ ತರುತ್ತೆ. ಹಳದಿ ಬೇರೆ ಬಿಳಿ ಬೇರೆ ಇಡಬೇಕು ಅನ್ನೋದು ಹಣಕ್ಕೆ ಗೊತ್ತಿರಲ್ಲ" ಅಂದಿದ್ದರಂತೆ. ನಾವು ಬರೆಯುತ್ತಿದ್ದರೆ ದೊರೆ ಎದುರು ಕೂತು ಕೇಳುತ್ತಿದ್ದ, ತಪ್ಪಿದಲ್ಲಿ ತಿದ್ದುತ್ತಿದ್ದ. "ಕ್ಯಾರೆಟ್ ಬೇಡ ಅಂತ ಬರಿ. ಹೌದಲ್ವಾ?" ಅತ್ತೆ "ಕ್ಯಾರೆಟ್ ತಿಂತೀಯ ನೀನು" ಅಂದರೆ, "ನಿನಗೋಸ್ಕರ ತಿಂತೀನಿ. ಇವಳು ಕೊಟ್ಟರೆ ತಿನ್ನಲ್ಲ. ಬರಿ" ಅನ್ನುತ್ತಿದ್ದ. ಬರೆದೆ.

ವರ್ಷ ತುಂಬುವ ಮೊದಲೇ ನಾನು ಸಹಿ ಹಾಕಿದೆ. ಯಾವ ಭಾನುವಾರ ಮನಸ್ಸು ಮಾಡಿದೆನೆಂದು ಕೇಳಿದರೆ ನನಗೆ ಗೊತ್ತಿಲ್ಲ.

ವಿಮೆಗೆಂದು ಅತ್ತೆಗೆ ರಕ್ತ, ಮೂತ್ರ, ಎದೆಯ ಪರೀಕ್ಷೆ ಎಲ್ಲ ಮಾಡಿಸಿದರು. ಸ್ಪಂಜಿನ ಧೂಳು ಕುಡಿದ ಶ್ವಾಸಕೋಶ ನೋಡಿ ಕಂಪನಿಯವರು ಕಂತು ಸ್ವಲ್ಪ ಹೆಚ್ಚು ಹಾಕಿದರು. ಅತ್ತೆ ಒಪ್ಪಿಕೊಂಡಳು. ಅಲ್ಲಿಂದ ಅವಳ ಬದುಕು ಹೊರಗಿನಿಂದ ನೋಡಿದರೆ ಮೊದಲಿನ ಹಾಗೇ ಇತ್ತು. ಒಳಗೆ ಬಿಗಿ. ಸಂಬಳ ಬಂದ ದಿನವೇ ಕಂತು, ನಿಧಿ ಎರಡೂ ಹೋಗಬೇಕು, ಉಳಿದದ್ದರಲ್ಲಿ ತಿಂಗಳು. ಶನಿವಾರ ಮಧ್ಯಾಹ್ನ ಮನೆಗಳಿಗೆ ಹೋಗಿ ಸೋಫಾ ಹೊಲಿದಳು, ಸಿನಿಮಾ ಮಂದಿರದ ಕುರ್ಚಿ ಹೊಲಿದಳು. ಒಂದೇ ಕೋಟನ್ನು ಹನ್ನೊಂದು ವರ್ಷ ಹಾಕಿದಳು. ಒಳಗಿನ ಅಸ್ತರು ಬಸ್ಸಿನ ರೆಕ್ಸಿನ್ನಿನದು ಎಂದು ನಾವು ತಮಾಷೆ ಮಾಡಿದರೆ, "ಮಳೆ ನೀರು ಒಳಗೆ ಬರಲ್ಲ, ನಿಮ್ಮದರಲ್ಲಿ ಬರುತ್ತೆ" ಅನ್ನುತ್ತಿದ್ದಳು. ನಿಜವಾಗಿಯೂ ರೆಕ್ಸಿನ್ನೇ ಆಗಿತ್ತು.

ಆರನೇ ವರ್ಷ ಅಪ್ಪ ಬಂದು ಕೇಳಿದರು. ಪಕ್ಕದ ಬೀದಿಯಲ್ಲಿ ದೊಡ್ಡ ಬಣ್ಣದಂಗಡಿ ತೆರೆದಿದ್ದರು. ಅಲ್ಲಿ ಬೇಕಾದ ಬಣ್ಣ ಕಲೆಸಿಕೊಡುವ ಯಂತ್ರವಿತ್ತು. ಅಂಥದ್ದೊಂದು ತಂದರೆ ಮಾತ್ರ ನಮ್ಮ ಅಂಗಡಿ ಉಳಿಯುತ್ತದೆ. "ನಿಧಿಯಿಂದ ಮಧ್ಯದಲ್ಲೇ ತೆಗೀಬಹುದಂತಲ್ಲ. ಎರಡು ವರ್ಷ. ಬಡ್ಡಿ ಸಮೇತ ಹಾಕ್ತೀನಿ."

ನಾನು ಅಲ್ಲೇ ಇದ್ದೆ. "ಅಣ್ಣ, ಅದು ನನ್ನ ದುಡ್ಡಾಗಿದ್ರೆ ಇವತ್ತೇ ಕೊಡ್ತಿದ್ದೆ" ಅಂದಳು ಅತ್ತೆ.

"ಮತ್ತೆ ಯಾರದು?"

"ಅವನದು. ಮುದುಕ ಆಗಿರೋ ಅವನದು. ಅವನನ್ನ ಕೇಳೋಣ ಅಂದ್ರೆ ಅವನಿನ್ನೂ ಬಂದಿಲ್ಲ."

ಅಪ್ಪ ಎದ್ದು ಹೋದರು. ತಿಂಗಳಿಗೆರಡು ಸಲ ಬಂದು ದೊರೆಯನ್ನು ಕೆರೆಯ ಸುತ್ತ ತಿರುಗಾಡಿಸಿ ತರುತ್ತಿದ್ದವರು ಬರುವುದು ನಿಲ್ಲಿಸಿದರು. ಒಂದು ತಿಂಗಳು, ಎರಡು ತಿಂಗಳು. ಹೊಟ್ಟೆ ತುಂಬ ಪ್ರೀತಿ ಇರುವ ಅಣ್ಣತಂಗಿಯರ ಮುನಿಸು ಬಲು ಗಟ್ಟಿ. ಬೇರೆಯವರ ಹಾಗೆ ಜಗಳವಾಡಿ ಮುಗಿಸುವುದಕ್ಕೂ ಬರುವುದಿಲ್ಲ. ಅತ್ತೆ ನನ್ನ ಮೂಲಕ ಅಪ್ಪನಿಗೆ ಹೊಸ ಕುರ್ಚಿಯ ಮೆತ್ತೆ ಕಳಿಸಿದಳು. ಅಪ್ಪ ಅದರ ಮೇಲೆ ಕೂತರು, ಮಾತಾಡಲಿಲ್ಲ.

ಐದನೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅತ್ತೆ ಹಾಲು ತರಲು ಹೋಗಿ ಬರುವಷ್ಟರಲ್ಲಿ ದೊರೆ ಮನೆಯಲ್ಲಿಲ್ಲ. ಸೈಕಲ್ ಅಂಗಡಿಯವನಿಗೆ ಗೊತ್ತಿಲ್ಲ. ಅವನು ಹುಟ್ಟಿ ನಲವತ್ತೊಂದು ವರ್ಷದಲ್ಲಿ ಒಬ್ಬನೇ ಬೀದಿ ದಾಟಿದವನಲ್ಲ. ಅತ್ತೆ ಬರಿಗಾಲಲ್ಲಿ ಓಡಿದಳು. ಡಿಪೋಗೆ ಓಡಿದಳು. ಡ್ರೈವರುಗಳು ಬಸ್ಸಿನಿಂದ ಬಸ್ಸಿಗೆ ಸುದ್ದಿ ಮುಟ್ಟಿಸಿದರು. ಒಂದು ಗಂಟೆ ಕಳೆಯಿತು. ಆ ಒಂದು ಗಂಟೆಯಲ್ಲಿ ಅತ್ತೆಯ ತಲೆಯಲ್ಲಿ ಏನೇನು ಬಂತೋ, ಅದನ್ನು ಮಾತ್ರ ಅವಳು ಯಾವತ್ತೂ ನನಗೆ ಹೇಳಲಿಲ್ಲ.

ಇತ್ತ ನಮ್ಮ ಮನೆಯ ಕರೆಗಂಟೆ ಸದ್ದಾಯಿತು. ಬಾಗಿಲು ತೆಗೆದವರು ಅಪ್ಪ. ಎದುರಿಗೆ ದೊರೆ, ಬಾಚಿದ ತಲೆ, ಹೊಳೆಯುವ ಶೂ, ಕೈಯಲ್ಲಿ ಅಪ್ಪ ಯಾವಾಗಲೋ ಮರೆತುಬಿಟ್ಟಿದ್ದ ಛತ್ರಿ.

"ನೀನು ಬರಲಿಲ್ಲ. ನಾನು ಬಂದೆ" ಅಂದ. "ಹೌದಲ್ವಾ?"

ಅತ್ತೆಯ ಜೊತೆ ಬರುತ್ತಿದ್ದ ದಾರಿ ನೆನಪಿಟ್ಟು, ಎರಡು ಬಸ್ ಬದಲಾಯಿಸಿ ಬಂದಿದ್ದ. ಅಪ್ಪ ಅವನನ್ನು ಒಳಗೆ ಕರೆದು ಕೂರಿಸಿದರು, ನೀರು ಕೊಟ್ಟರು. ಆಮೇಲೆ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ನಾನು ಅಪ್ಪ ಅತ್ತದ್ದು ನೋಡಿದ್ದು ಅದೊಂದೇ ಸಲ. ಡಿಪೋಗೆ ಫೋನ್ ಮಾಡಿ ತಿಳಿಸಿದೆವು; ಅತ್ತೆ ಬಂದಾಗ ಅವಳ ಕಾಲು ಗಾಯವಾಗಿ ರಕ್ತ ಸುರಿಯುತ್ತಿತ್ತು. ಅಪ್ಪನೇ ಕೂತು ತೊಳೆದು ಬಟ್ಟೆ ಕಟ್ಟಿದರು. ಯಂತ್ರದ ಮಾತು ಮತ್ತೆ ಬರಲಿಲ್ಲ. ಅಪ್ಪ ಮನೆಗಳಿಗೆ ಹೋಗಿ ಬಣ್ಣ ಬಳಿಸಿಕೊಡುವ ಗುತ್ತಿಗೆ ಹಿಡಿದರು. ಅಂಗಡಿ ಕುಂಟುತ್ತಾ ನಡೆಯಿತು, ನಿಲ್ಲಲಿಲ್ಲ.

ಬೈಯಬೇಕಾದ ದಿನ ಅತ್ತೆ ಬೇರೆಯೇ ಯೋಚನೆಯಲ್ಲಿದ್ದಳು. ಎರಡು ಬಸ್ ಬದಲಾಯಿಸಲು ಬರುವವನು ಕೆಲಸಕ್ಕೂ ಹೋಗಿ ಬರಬಲ್ಲ, ಅಲ್ಲವೇ? ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದು ಅದೇ ಬಸ್ಸಿನ ದಾರಿಯಲ್ಲಿತ್ತು. ಅವಳು ಹೋಗಿ ಅಲ್ಲಿನ ಮೇಲ್ವಿಚಾರಕಿಯ ಮುಂದೆ ದೊರೆ ಮಡಿಸಿದ ಆರು ಟವೆಲ್ ಇಟ್ಟಳು. ಆಕೆ ಒಂದನ್ನು ಎತ್ತಿ ಅಂಚು ನೋಡಿ, "ಮಶೀನಿನದಾ?" ಅಂದಳು.

ದೊರೆ ಅಲ್ಲಿ ಹದಿನೇಳು ವರ್ಷ ಟವೆಲ್ ಮಡಿಸಿದ. ಕೆಲಸಕ್ಕೆ ಸೇರಿದ ದಿನ ಅಲ್ಲಿನ ಗುಮಾಸ್ತ ಪಿಂಚಣಿ ನಿಧಿಯ ಫಾರಂ ತುಂಬಿಸುತ್ತಾ, "ನಿನಗೇನಾದ್ರೂ ಆದ್ರೆ ಹಣ ಯಾರಿಗೆ ಕೊಡಬೇಕು?" ಎಂದು ಕೇಳಿದ. ಅತ್ತೆ ಪಕ್ಕದಲ್ಲೇ ನಿಂತಿದ್ದಳು, ಉತ್ತರ ಹೇಳಲು ಬಾಯಿ ತೆರೆದಳು.

"ಅಕ್ಕಂಗೆ" ಅಂದ ದೊರೆ. "ಅವಳಿಗೆ ಯಾರೂ ಇಲ್ಲ. ನಾನೊಬ್ಬನೇ."

ಗುಮಾಸ್ತ ಬರೆದುಕೊಂಡ. ಅತ್ತೆ ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಕೂತಳು. ಎರಡು ಬಸ್ ಬಂದು ಹೋದರೂ ಹತ್ತಲಿಲ್ಲ.

ಅರವತ್ತಕ್ಕೆ ಅತ್ತೆ ನಿವೃತ್ತಳಾದಳು. ಅದೇ ತಿಂಗಳು ವಿಮೆಯ ಅವಧಿಯೂ ಮುಗಿಯಿತು. ಹತ್ತೊಂಬತ್ತು ವರ್ಷ ಕಂತು ಕಟ್ಟಿ ಒಂದು ಕಾಸೂ ಬರಲಿಲ್ಲವಲ್ಲ ಎಂದು ನನ್ನ ಗಂಡ ಪೇಚಾಡಿದರು. ಅವರಿಗೆ ಲಾಭ ನಷ್ಟದ ತಲೆ. ಅತ್ತೆ ಅವರಿಗೆ ಚಹಾ ಕೊಡುತ್ತಾ, "ಅಳಿಯಂದಿರೇ, ಹತ್ತೊಂಬತ್ತು ವರ್ಷ ತಲೆ ದಿಂಬಿಗಿಟ್ಟ ತಕ್ಷಣ ನಿದ್ದೆ ಮಾಡಿದೀನಿ. ಅದನ್ನ ಯಾವ ಅಂಗಡೀಲಿ ಕೊಡ್ತಾರೆ?" ಅಂದಳು.

ಪಿಂಚಣಿ ಗೊತ್ತು ಮಾಡುವ ಕಚೇರಿಯಲ್ಲಿ ಮಾತ್ರ ಕಾದಾಟವಾಯಿತು. ಅತ್ತೆಯ ಜೀವ ಇರುವವರೆಗಷ್ಟೇ ಕೊಡುವ ಪಿಂಚಣಿ ಹೆಚ್ಚು. ಅವಳ ನಂತರ ಇನ್ನೊಬ್ಬರಿಗೂ ಮುಂದುವರಿಯುವ ಪಿಂಚಣಿ ಕಡಿಮೆ. ಅದು ಗಂಡ ಹೆಂಡತಿಗೆ ಮಾತ್ರ ಎಂದರು ಅಲ್ಲಿನ ಅಧಿಕಾರಿ. ಪಾಲಿಸಿ ಮೇಷ್ಟ್ರಿಗಾಗ ಎಂಬತ್ತು ದಾಟಿತ್ತು. ನನ್ನ ತೋಳು ಹಿಡಿದು ಮೆಟ್ಟಿಲು ಹತ್ತಿ ಬಂದರು. ನಿಯಮದ ಪುಸ್ತಕ ತರಿಸಿ, ಭೂತಗನ್ನಡಿ ಹಿಡಿದು, ಅವಲಂಬಿತ ಒಡಹುಟ್ಟಿದವರ ಬಗ್ಗೆ ಇದ್ದ ಸಾಲನ್ನು ಹುಡುಕಿ, "ಇದನ್ನ ಜೋರಾಗಿ ಓದಿ" ಎಂದು ಅಧಿಕಾರಿಗೇ ಹೇಳಿದರು. ಅವರು ಓದಿದರು. ಡಾಕ್ಟರ ಪ್ರಮಾಣಪತ್ರ, ಟ್ರಸ್ಟ್ ಪತ್ರ ಎಲ್ಲ ನಾವು ಒಯ್ದಿದ್ದೆವು. ಕಡಿಮೆ ಪಿಂಚಣಿಯ ಕಾಗದಕ್ಕೆ ಅತ್ತೆ ಖುಷಿಯಿಂದ ಸಹಿ ಹಾಕಿದಳು. ಮುಂದಿನ ಚಳಿಗಾಲಕ್ಕೆ ಮೇಷ್ಟ್ರು ಹೋದರು. ಅದರ ಮರುವರ್ಷ ಅಪ್ಪ.

ನಿವೃತ್ತಿಯ ನಂತರದ ಏಳು ವರ್ಷ ಅತ್ತೆಯ ಬದುಕಿನ ಅತ್ಯಂತ ಸೋಮಾರಿ ವರ್ಷಗಳು. ಹಾಗೆಂದು ಅವಳೇ ಹೇಳುತ್ತಿದ್ದಳು. ದೊರೆಗೆ ಐವತ್ತೆಂಟಾದಾಗ ಲಾಂಡ್ರಿಯವರು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಇಬ್ಬರಿಗೂ ತಿಂಗಳಿಗೊಂದು ದಿನ ಪಿಂಚಣಿ. ಅವಳದು ಸ್ವಲ್ಪ, ಅವನದು ಅದಕ್ಕಿಂತ ಕಡಿಮೆ. ಆ ದಿನ ಇಬ್ಬರೂ ಬಸ್ ಹತ್ತಿ ಕೊನೇ ನಿಲ್ದಾಣದವರೆಗೆ ಹೋಗಿ, ಅಲ್ಲಿ ಐಸ್ ಕ್ರೀಂ ತಿಂದು, ಅದೇ ಬಸ್ಸಲ್ಲಿ ವಾಪಸ್. ದಾರಿಯುದ್ದಕ್ಕೂ ಅತ್ತೆ ಎದುರಿನ ಸೀಟಿನ ಹೊಲಿಗೆ ನೋಡಿ ಮೂಗು ಮುರಿಯುವುದು.

ಅರವತ್ತೇಳಕ್ಕೆ ಅವಳ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯಲ್ಲಿದ್ದದ್ದು ಹನ್ನೊಂದು ದಿನ. ಎಂಟನೇ ದಿನ ಮಧ್ಯಾಹ್ನ ಕಿಟಕಿಯ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ದೊರೆ ಅಲ್ಲಿದ್ದ ಟವೆಲ್ಲುಗಳನ್ನೆಲ್ಲ ಬಿಚ್ಚಿ ಮತ್ತೆ ಮಡಿಸುತ್ತಿದ್ದ. ಅತ್ತೆ ಅವನನ್ನೇ ನೋಡುತ್ತಿದ್ದಳು. ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ತುಂಡು ತುಂಡಾಗಿ ನನಗೆ ಹೇಳಿದಳು:

"ಬೆಳಿಗ್ಗೆ ಎದ್ದು ಕೇಳ್ಕೊಳ್ತಿದ್ದೆನಲ್ಲ... ನಿಲ್ಲಿಸಿ ಎಷ್ಟು ವರ್ಷ ಆಯ್ತು ಗೊತ್ತಾ? ನನಗೇ ನೆನಪಿಲ್ಲ... ಇರಲಿ ಕಣೇ ಅವನು. ನೂರು ವರ್ಷ ಇರಲಿ."

ಮೂರು ದಿನದ ಮೇಲೆ ಅವಳು ಹೋದಳು. ದೊರೆ ಎರಡು ವಾರ ಹಾಡಲಿಲ್ಲ.

ಕಾಗದಗಳು ಎಲ್ಲಿರಬೇಕೋ ಅಲ್ಲಿದ್ದವು. ನಾನೂ ವೆಲ್ಡರ್ ಹೆಂಡತಿಯೂ ಒಟ್ಟಿಗೆ ಹೋಗಿ ಒಪ್ಪಿಸಿದೆವು. ಆ ಹೊತ್ತಿಗೆ ಅವಳೇ ಫಾರಂ ಓದಿ ನನಗೆ ಹೇಳುವಷ್ಟಾಗಿದ್ದಳು. ಒಂದೂವರೆ ವರ್ಷ ಬೇಕಾಗಲಿಲ್ಲ. ಮುಂದಿನ ತಿಂಗಳ ಪಿಂಚಣಿಯೇ ದೊರೆಗೆಂದಿದ್ದ ಟ್ರಸ್ಟ್ ಖಾತೆಗೆ ಬಂತು.

ನಾನು ಅವನಿಗೆಂದು ನಮ್ಮ ಮನೆಯಲ್ಲಿ ಕೋಣೆ ಸಿದ್ಧ ಮಾಡಿದ್ದೆ. ಗೋಡೆಗೆ ತಿಳಿ ನೀಲಿ ಬಣ್ಣ, ಶೂಗಳಿಗೊಂದು ಕಪಾಟು. ದೊರೆ ಬಂದ, ನಾಲ್ಕು ದಿನ ಇದ್ದ, ಐದನೇ ದಿನ ಚೀಲ ಕಟ್ಟಿಕೊಂಡು ಬಾಗಿಲಲ್ಲಿ ನಿಂತ.

"ನಿಮ್ಮ ಮನೇಲಿ ಗಲಾಟೆ. ನನ್ನ ಮನೆಗೆ ಹೋಗ್ತೀನಿ."

ನನಗೆ ಪಿಚ್ಚೆನಿಸಿತು. ಇಷ್ಟು ವರ್ಷ ಮನಸ್ಸು ಗಟ್ಟಿ ಮಾಡಿಕೊಂಡು ಹೆಗಲು ಒಡ್ಡಿ ನಿಂತರೆ ಹೊರೆಯೇ ಕಾಲು ಬಂದು ನಡೆದುಹೋಗುತ್ತಿದೆ! ವೆಲ್ಡರ್ ಹೆಂಡತಿಗೆ ಫೋನ್ ಮಾಡಿದೆ. ಅವಳು ನಕ್ಕಳು. "ಅದಕ್ಕೇ ತಾನೇ ಅಕ್ಕ ಕೂಡಿಟ್ಟದ್ದು? ಯಾರ ಮನೆ ಬೇಡವೋ ಅವರಿಗೆ ಬೇಡ ಅನ್ನೋಕೆ."

ಹಾಗಾಗಿ ಅವನು ಸೈಕಲ್ ಅಂಗಡಿಯ ಮೇಲಿನ ಆ ಎರಡು ಕೋಣೆಗಳಲ್ಲೇ ಇದ್ದಾನೆ. ಟ್ರಸ್ಟಿನ ಹಣದಿಂದ ಬೆಳಿಗ್ಗೆ ಸಂಜೆ ಒಬ್ಬ ಹೆಂಗಸು ಬಂದು ಅಡುಗೆ, ಔಷಧಿ ನೋಡಿಕೊಳ್ಳುತ್ತಾರೆ. ಹಿಂದೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ನೋಟುಪುಸ್ತಕ ಅವರ ಕೈಗೆ ಕೊಟ್ಟೆ. ಅವರು ಅದರಂತೆ ಮಾಡಲು ಹೋದರೆ ದೊರೆ ಅರ್ಧಕ್ಕರ್ಧ ತಪ್ಪು ಅನ್ನುತ್ತಾನಂತೆ. ಈಗ ಮೊಟ್ಟೆಯ ಹಳದಿ ಬಿಳಿ ಒಟ್ಟಿಗೇ ಇರಬಹುದು. ಮಶೀನಿನ ಭಯ ಹೋಗಿದೆ, ಕತ್ತರಿಯೇ ಆಗುವುದಿಲ್ಲ. ನಾವು ಪುಟದ ಬದಿಯಲ್ಲಿ ಹೊಸದಾಗಿ ಬರೆಯುತ್ತಾ ಇದ್ದೇವೆ.

ಅವನಿಗೀಗ ಅರವತ್ತನಾಲ್ಕು. ಮೊಣಕಾಲು ನೋವು, ಒಂದು ಕಣ್ಣಿಗೆ ಪೊರೆ. ಆಪರೇಷನ್ನಿಗೆ ದಿನ ಗೊತ್ತಾಗಿದೆ. ಭಾನುವಾರ ನಾನು ಹೋಗುತ್ತೇನೆ. ಹೋದ ವಾರ ಊಟವಾದ ಮೇಲೆ ಅವನ ಜೊತೆ ಸುಮ್ಮನೆ ಕೂತಿದ್ದೆ. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ನಾಲ್ಕು ಗಂಟೆಗೆ ಅವನು ಎದ್ದು ನನ್ನ ಚಪ್ಪಲಿಗಳನ್ನು ಬಾಗಿಲ ಹತ್ತಿರ ಜೋಡಿಸಿಟ್ಟ, ಚೀಲ ತಂದು ಕೈಗೆ ಕೊಟ್ಟ.

"ಸಾಕು, ಹೊರಡು ಇನ್ನು" ಅಂದ. "ನಿನ್ನ ಮನೇಲಿ ಕಾಯ್ತಿರ್ತಾರೆ."